ಕೂತ್ರೆ ತಲೆ ಸಿಡಿಯುತ್ತೆ, ಮಲಗಿದ್ರೆ ಹೋಗುತ್ತೆ: ಎಪಿಡ್ಯೂರಲ್ ಆದ್ಮೇಲೆ ಯಾರಿಗಾದ್ರೂ ಹೀಗಾಗಿತ್ತಾ?

ವಿಜಯನಗರದ ಬಾಣಂತಿ:

ಮಲಗಿಕೊಂಡೇ ಟೈಪ್ ಮಾಡ್ತಿದೀನಿ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ.

ಮೊದಲನೇ ಹೆರಿಗೆ, ನಾರ್ಮಲ್. ನೋವು ತಡೆಯೋಕಾಗದೆ ಎಪಿಡ್ಯೂರಲ್ ಕೇಳಿ ತಗೊಂಡೆ. ಬೆನ್ನಿಗೆ ಸೂಜಿ ಹಾಕುವಾಗ ಡಾಕ್ಟ್ರು ಒಂದ್ಸಲ ವಾಪಸ್ ತೆಗೆದು, ಸ್ವಲ್ಪ ಮೇಲೆ ಇನ್ನೊಂದು ಕಡೆ ಹಾಕಿದ್ರು. ಯಾಕೆ ಅಂತ ಅವರು ಹೇಳಲಿಲ್ಲ, ಕೇಳೋ ಸ್ಥಿತೀಲಿ ನಾನೂ ಇರಲಿಲ್ಲ. ಆಮೇಲೆ ನೋವು ಇಳೀತು, ಪಾಪು ಬಂತು, ಚೆನ್ನಾಗಿದಾಳೆ.

ಮಾರನೇ ದಿನ ಸಂಜೆ ಬಾತ್‌ರೂಮಿಗೆ ಅಂತ ಎದ್ದೆ ನೋಡಿ. ಹಣೆ, ಹಿಂದಲೆ, ಕತ್ತು, ಎರಡೂ ಭುಜದ ನಡುವೆ, ಎಲ್ಲಾ ಕಡೆ ಒಟ್ಟಿಗೆ ಹಿಡ್ಕೊಂಡು ಕೆಳಗೆ ಎಳೆದಂಗಾಯ್ತು. ವಾಂತಿ ಬರೋ ಹಾಗೆ. ಗೋಡೆ ಹಿಡ್ಕೊಂಡು ವಾಪಸ್ ಬಂದು ಮಲಗಿದೆ, ಸ್ವಲ್ಪ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೋಯ್ತು. ಮತ್ತೆ ಕೂತೆ, ಮತ್ತೆ ಬಂತು. ಕಿವಿ ಅಡಚಿಕೊಂಡಂಗಿದೆ, ಒಳಗೆ ಗುಂಯ್ ಅನ್ನುತ್ತೆ. ನರ್ಸಿಗೆ ಹೇಳಿದ್ರೆ ‘ನಿದ್ದೆ ಆಗಿಲ್ಲ ಅಲ್ವಾ ಮೇಡಂ, ಅದಕ್ಕೇ’ ಅಂದ್ರು. ಡೋಲೋ ಕೊಟ್ಟು ಡಿಸ್ಚಾರ್ಜ್ ಮಾಡಿದ್ರು.

ಮನೇಲಿ ಅಮ್ಮ ‘ಹಸಿ ಬಾಣಂತಿ, ತಲೆಗೆ ಗಾಳಿ ಹೊಕ್ಕಿದೆ’ ಅಂತ ಸ್ಕಾರ್ಫು ಬಿಗಿದು ಕಿವಿಗೆ ಹತ್ತಿ ತುರುಕಿದಾರೆ. ಅಜ್ಜಿ ನೀರು ಜಾಸ್ತಿ ಕುಡೀಬೇಡ ಅಂತಾರೆ. ನಮ್ಮೋರು ಗೂಗಲ್ ನೋಡಿ ಮೂರು ಲೀಟರ್ ಕುಡಿ ಅಂತಾರೆ. ಮಗೂಗೆ ಹಾಲು ಕುಡಿಸೋಕೆ ಕೂರೋಕಾಗ್ತಿಲ್ಲ. ಇದೇನು ಇದು? ತಾನಾಗೇ ಹೋಗುತ್ತಾ?

ಫಿಲ್ಟರ್ ಕಾಫಿ:

ಇದು ಸ್ಪೈನಲ್ ಹೆಡೇಕ್. ನನಗೂ ಆಗಿತ್ತು, ಜಯನಗರದಲ್ಲಿ ಹೆರಿಗೆ. ಚೆನ್ನಾಗಿ ಸ್ಟ್ರಾಂಗ್ ಕಾಫಿ ಕುಡೀರಿ, ಚಪ್ಪಟೆ ಮಲಗಿ, ಒಂದು ವಾರದಲ್ಲಿ ಹೋಗುತ್ತೆ. ನಂದು ಹಾಗೇ ಹೋಯ್ತು. ಕಾಫೀಲಿ ಚಿಕೋರಿ ಕಮ್ಮಿ ಇರಲಿ, ಚಿಕೋರೀಲಿ ಕೆಫೀನ್ ಇರಲ್ಲ.

ಮಂಡ್ಯದ ಗೌಡ್ತಿ:

ಇದಕ್ಕೇ ಕಣವ್ವ ನಾನು ಬಡ್ಕೊಳ್ಳೋದು, ಬೆನ್ನಿಗೆ ಸೂಜಿ ಹಾಕಿಸ್ಕೋಬ್ಯಾಡಿ ಅಂತ. ನಮ್ ಕಾಲ್ದಾಗೆ ನೋವು ತಿಂದ್ವಿ, ಹೆತ್ವಿ, ಹನ್ನೊಂದಕ್ಕೆ ಎದ್ದು ನೀರು ಹಾಕ್ಕಂಡ್ವಿ. ಈಗ ಎಲ್ಲದಕ್ಕೂ ಸೂಜಿ.

ಆಯ್ತು, ಆಗಿದ್ದು ಆಗೋಯ್ತು. ಕೂತ್ಕಂಡು ಹಾಲು ಕೊಡೋಕೆ ಹೋಗಬ್ಯಾಡ. ಪಕ್ಕಕ್ಕೆ ಒರಗಿ ಮಲ್ಕಂಡು, ಕೂಸನ್ನ ನಿನ್ ಕಡೆ ತಿರುಗಿಸ್ಕಂಡು ಕೊಡು. ಕೂಸಿನ ಬೆನ್ನಿಗೊಂದು ಸುತ್ತಿದ ಟವಲ್ ಇಡು. ತೇಗು ತೆಗೆಯೋದು, ಬಟ್ಟೆ ಬದ್ಲಿಸೋದು ನಿಮ್ಮಮ್ಮ ಮಾಡ್ಲಿ. ಬಾಣಂತನ ಅಂದ್ರೆ ಅದೇ ತಾನೆ.

ಎರಡು ಮಕ್ಕಳ ತಾಯಿ:

ಗೌಡ್ತಿಯಮ್ಮ, ನಿಮ್ಮ ಕಾಲದಲ್ಲಿ ಹೆತ್ತು ಎದ್ದವರು ಕಥೆ ಹೇಳ್ತಾರೆ, ಏಳದವರು ಹೇಳೋಕೆ ಇಲ್ಲ. ಎಪಿಡ್ಯೂರಲ್ ತಗೊಂಡವಳನ್ನ ಈಗ ಬೈದು ಏನು ಉಪಯೋಗ? ಮಲಗಿ ಹಾಲು ಕೊಡೋ ವಿಷಯ ಮಾತ್ರ ನೂರಕ್ಕೆ ನೂರು ನಿಜ, ಥ್ಯಾಂಕ್ಸ್.

ವಿಜಯನಗರದವರೇ, ನನಗೆ ಮೊದಲ ಮಗುವಿಗೆ ಇದೇ ಆಗಿತ್ತು. ‘ತಾನಾಗೇ ಹೋಗುತ್ತೆ’ ಅಂತ ಎಲ್ಲರೂ ಹೇಳಿದ್ರು. ಹೋಗುತ್ತೆ ನಿಜ, ಆದ್ರೆ ಅಲ್ಲಿವರೆಗೆ ಮಗು ಮುಖ ನೋಡೋಕೂ ತಲೆ ಎತ್ತಕ್ಕಾಗದೆ ಬಿದ್ದಿರಬೇಕು. ಕೊನೆಗೆ ಬ್ಲಡ್ ಪ್ಯಾಚ್ ಅಂತ ಮಾಡಿದ್ರು. ಕೈಯಿಂದ ರಕ್ತ ತೆಗೆದು ಬೆನ್ನಲ್ಲಿ ಹಾಕ್ತಾರೆ. ಕೇಳೋಕೆ ಭಯ ಆಗುತ್ತೆ, ಆದ್ರೆ ಎದ್ದು ಕೂತು ನಕ್ಕಿದ್ದು ಅದಾದ್ಮೇಲೇ. ಮನೇಲಿ ಕೂತು ಕಾಫಿ ಕುಡೀತಾ ಕಾಯಬೇಡಿ. ಹೆರಿಗೆ ಆದ ಆಸ್ಪತ್ರೆಗೆ ಫೋನ್ ಮಾಡಿ, ಹೆರಿಗೆ ಡಾಕ್ಟ್ರನ್ನಲ್ಲ, ಅನಸ್ತೇಷಿಯಾ ಡಾಕ್ಟ್ರನ್ನ ಕೇಳಿ.

ಮತ್ತಿನ ಡಾಕ್ಟ್ರು:

ನಾನು ಬೆಂಗಳೂರಿನಲ್ಲೇ ಅನಸ್ತೇಷಿಯಾ ವೈದ್ಯ. ಹೆಸರು, ಆಸ್ಪತ್ರೆ ಬೇಡ. ನೋಡದೆ ಇಲ್ಲಿಂದಲೇ ಚಿಕಿತ್ಸೆ ಹೇಳೋದು ಸರಿಯಲ್ಲ. ಆದರೆ ನಿಮಗೆ ಏನಾಗಿರಬಹುದು, ಅಲ್ಲಿ ಹೋಗಿ ಏನು ಕೇಳಬೇಕು ಅನ್ನೋದನ್ನ ಬರೀತೀನಿ.

ಬೆನ್ನುಹುರಿ ಮತ್ತು ಮೆದುಳಿನ ಸುತ್ತ ನೀರಿನಂಥ ದ್ರವ ಇರುತ್ತೆ. ಅದನ್ನ ಹಿಡಿದಿಡೋ ಪೊರೆಗೆ ಡ್ಯೂರಾ ಅಂತೀವಿ. ಎಪಿಡ್ಯೂರಲ್ ಅಂದ್ರೆ ಡ್ಯೂರಾದ ಹೊರಗೇ ಸೂಜಿ ನಿಲ್ಲಿಸಿ, ಸಣ್ಣ ಟ್ಯೂಬ್ ಬಿಟ್ಟು ಔಷಧಿ ಕೊಡೋದು. ಆ ಜಾಗ ಕೆಲವೇ ಮಿಲಿಮೀಟರ್ ಅಗಲ. ಸೂಜಿ ಅಷ್ಟು ಮುಂದೆ ಹೋದ್ರೆ ಡ್ಯೂರಾ ತೂತಾಗುತ್ತೆ. ಎಪಿಡ್ಯೂರಲ್ ತಗೊಂಡ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಹೀಗಾಗುತ್ತೆ, ಎಷ್ಟೇ ಪಳಗಿದ ಕೈಯಾದರೂ. ಹಾಗೆ ತೂತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತಲೆನೋವು ಬರುತ್ತೆ. ಎಪಿಡ್ಯೂರಲ್ ಸೂಜಿ 16 ಅಥವಾ 18 ಗೇಜ್, ಒಂದೂಕಾಲು ಮಿಲಿಮೀಟರಿಗಿಂತ ದಪ್ಪ. ಸಿಜೇರಿಯನ್ನಿಗೆ ಕೊಡೋ ಸ್ಪೈನಲ್ ಸೂಜಿ 25, 27 ಗೇಜ್, ಅರ್ಧ ಮಿಲಿಮೀಟರ್ ಅಥವಾ ಇನ್ನೂ ಸಣ್ಣದು. ಅದು ಬೇಕಂತಲೇ ಡ್ಯೂರಾ ದಾಟುತ್ತೆ, ಆದರೆ ತೂತು ಸಣ್ಣದಾದ್ದರಿಂದ ತಲೆನೋವು ಬರೋದು ಅಪರೂಪ.

ಆ ದ್ರವ ಒಟ್ಟು ಇರೋದು ಸುಮಾರು 150 ಮಿಲಿ, ದಿನಕ್ಕೆ ದೇಹ ತಯಾರಿಸೋದು ಸುಮಾರು 500 ಮಿಲಿ. ಮೋಟಾರ್ ಓಡ್ತಾನೇ ಇದೆ, ಆದ್ರೆ ಪೈಪಲ್ಲಿ ಸೋರಿಕೆ ಇದೆ ಅಂದ್ರೆ ಮೇಲಿನ ಟ್ಯಾಂಕ್ ತುಂಬಲ್ಲ ನೋಡಿ, ಅಷ್ಟೇ. ನೀವು ಕೂತಾಗ ಸೋರಿಕೆ ಜಾಸ್ತಿಯಾಗಿ ಮೆದುಳು ತುಸು ಕೆಳಗೆ ಜಗ್ಗುತ್ತೆ, ಅದರ ಸುತ್ತಲಿನ ನರಗಳು, ರಕ್ತನಾಳಗಳು ಎಳೀತವೆ. ಕಿವಿ ಗುಂಯ್ ಅನ್ನೋದು, ಕತ್ತು ಬಿಗಿಯೋದು, ಬೆಳಕು ಚುಚ್ಚೋದು, ಕೆಲವರಿಗೆ ಒಂದು ಎರಡಾಗಿ ಕಾಣೋದು ಎಲ್ಲಾ ಅದರಿಂದಲೇ. ಮಲಗಿದ್ರೆ ಎಳೆತ ನಿಲ್ಲುತ್ತೆ.

ಅದಕ್ಕೇ ನೀರಿನ ಜಗಳದಲ್ಲಿ ಅಜ್ಜಿಯೂ ಗೆಲ್ಲಲ್ಲ, ಯಜಮಾನರೂ ಗೆಲ್ಲಲ್ಲ. ಮೂರು ಲೀಟರ್ ಕುಡಿದ್ರೂ ತೂತು ಮುಚ್ಚಲ್ಲ. ಆದ್ರೆ ನೀರು ಕಡಿಮೆ ಮಾಡೋದು ಅಪಾಯ. ಬಾಣಂತಿಯ ರಕ್ತ ಮೊದಲೇ ಹೆಪ್ಪುಗಟ್ಟೋ ಸ್ವಭಾವದಲ್ಲಿರುತ್ತೆ, ಒಣಗಿಸಿದ್ರೆ ಇನ್ನೂ ಹೆಚ್ಚು. ಬಾಯಾರಿಕೆಗೆ ತಕ್ಕಷ್ಟು, ಹಾಲು ಕುಡಿಸ್ತೀರಲ್ಲ, ಸ್ವಲ್ಪ ಜಾಸ್ತೀನೇ ಕುಡೀರಿ.

ವಿಜಯನಗರದ ಬಾಣಂತಿ:

ಡಾಕ್ಟ್ರೇ, ಅಮ್ಮಂಗೆ ಓದಿ ಹೇಳಿದೆ. ಗಾಳಿ ಅಲ್ಲ ಅಂತ ಒಪ್ಪಿದ್ರು, ಸ್ಕಾರ್ಫ್ ಮಾತ್ರ ಬಿಚ್ಚಲ್ಲವಂತೆ. ಕಾಫಿ ಬಗ್ಗೆ ಹೇಳಿ. ಮತ್ತೆ ಪೂರ್ತಿ ಮಲಗೇ ಇರಬೇಕಾ?

ಮತ್ತಿನ ಡಾಕ್ಟ್ರು:

ಸ್ಕಾರ್ಫ್ ಇರಲಿ ಬಿಡಿ, ಅದರಿಂದ ಯಾರಿಗೂ ತೊಂದರೆ ಇಲ್ಲ.

ಕೆಫೀನ್ ಕೆಲವರಿಗೆ ಮೊದಲ ದಿನ ಸ್ವಲ್ಪ ಹಾಯೆನಿಸುತ್ತೆ, ಅಷ್ಟೇ. ಹಾಲೂಡಿಸೋರು ದಿನಕ್ಕೆ 200 ರಿಂದ 300 ಮಿಲಿಗ್ರಾಂ ಒಳಗೆ ಇರಬೇಕು. ಟೀ, ಕೋಲಾ, ಚಾಕೊಲೇಟ್ ಎಲ್ಲಾ ಆ ಲೆಕ್ಕಕ್ಕೇ ಸೇರುತ್ತೆ. ಲೋಟಗಟ್ಟಲೆ ಡಿಕಾಕ್ಷನ್ ಕುಡಿದ್ರೆ ನಿಮಗೂ ನಿದ್ದೆ ಇಲ್ಲ, ಮಗೂಗೂ ಇಲ್ಲ. ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ, ಜೊತೆಗೆ ನಿಮ್ಮ ಡಾಕ್ಟ್ರು ಒಪ್ಪಿದ್ರೆ ಐಬುಪ್ರೊಫೆನ್. ಎರಡೂ ಹಾಲೂಡಿಸುವಾಗ ನಡೆಯುತ್ತೆ. ನೋವು ಬಂದ್ಮೇಲೆ ನುಂಗೋದಕ್ಕಿಂತ ಬರೋ ಮೊದಲೇ ತಗೊಂಡ್ರೆ ಒಳ್ಳೇದು.

ಮಲಗೋದು ನೋವಿಗೆ ಆರಾಮ, ಔಷಧಿ ಅಲ್ಲ. ಮಲಗೇ ಇದ್ರೆ ತೂತು ಬೇಗ ಮುಚ್ಚುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ದಿನಗಟ್ಟಲೆ ಅಲುಗಾಡದೆ ಮಲಗಿದ್ರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪಾದ ಆಡಿಸ್ತಾ ಇರಿ, ಸಹಿಸೋಕಾದಷ್ಟು ಎದ್ದು ಓಡಾಡಿ. ಮಲ ಗಟ್ಟಿಯಾಗದ ಹಾಗೆ ನೋಡ್ಕೊಳಿ, ತಿಣುಕಬೇಡಿ, ತೂಕ ಎತ್ತಬೇಡಿ.

ಇನ್ನು ಬ್ಲಡ್ ಪ್ಯಾಚ್. ಈ ತಲೆನೋವಿನ ಇತಿಹಾಸವೇ ಒಂದು ತಮಾಷೆ. 1898ರಲ್ಲಿ ಜರ್ಮನಿಯ ಕೀಲ್ ಊರಲ್ಲಿ ಆಗಸ್ಟ್ ಬಿಯರ್ ಅನ್ನೋ ಸರ್ಜನ್ ಮೊದಲ ಸ್ಪೈನಲ್ ಅನಸ್ತೇಷಿಯಾಗಳನ್ನ ಕೊಟ್ಟ. ತನ್ನ ಮೇಲೂ ಪ್ರಯೋಗ ಮಾಡಿಸ್ಕೊಂಡ, ಇದೇ ತಲೆನೋವು ಬಂದು ದಿನಗಟ್ಟಲೆ ಮಲಗಿದ. ಕೂತ್ರೆ ಬರುತ್ತೆ, ಮಲಗಿದ್ರೆ ಹೋಗುತ್ತೆ ಅಂತ ಅವನೇ ಬರೆದಿಟ್ಟಿದ್ದಾನೆ. ಮದ್ದು ಸಿಕ್ಕಿದ್ದು ಅರವತ್ತು ವರ್ಷ ಆದ್ಮೇಲೆ. 1960ರಲ್ಲಿ ಅಮೆರಿಕದ ಜೇಮ್ಸ್ ಗಾರ್ಮ್ಲಿ ಎರಡು ಮೂರು ಮಿಲಿ ರಕ್ತ ಹಾಕಿ ಮಾಡಿದ್ದು. ಸೂಜಿ ಹಾಕುವಾಗ ರಕ್ತ ಬಂದವರಿಗೆ ತಲೆನೋವು ಕಮ್ಮಿ ಅನ್ನೋದು ಅವರ ಕಣ್ಣಿಗೆ ಬಿದ್ದಿತ್ತು. ಈಗ ಸುಮಾರು 20 ಮಿಲಿವರೆಗೆ ಹಾಕ್ತೀವಿ.

ಇಬ್ಬರು ಡಾಕ್ಟ್ರು ಬೇಕು. ಒಬ್ಬರು ಮತ್ತೆ ಎಪಿಡ್ಯೂರಲ್ ಜಾಗಕ್ಕೆ ಸೂಜಿ ತಲುಪಿಸ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ನಿಮ್ಮ ಕೈಯಿಂದ ಶುದ್ಧವಾಗಿ ರಕ್ತ ತೆಗೀತಾರೆ. ನಿಧಾನಕ್ಕೆ ಹಾಕ್ತಾ ಹೋಗೋದು, ಬೆನ್ನು ಜಾಸ್ತಿ ಒತ್ತಿದಂಗಾದ್ರೆ ನಿಲ್ಲಿಸೋದು. ಆಮೇಲೆ ಒಂದೆರಡು ಗಂಟೆ ಅಂಗಾತ. ಹೆಪ್ಪು ತೂತನ್ನ ಮುಚ್ಚುತ್ತೆ. ಮೊದಲೆಲ್ಲ ನೂರಕ್ಕೆ ತೊಂಬತ್ತು ಜನಕ್ಕೆ ವಾಸಿ ಅಂತಿದ್ವಿ, ಅದು ಅತಿಯಾಯ್ತು. ಒಂದೇ ಪ್ಯಾಚಿಗೆ ಪೂರ್ತಿ ಹೋಗೋದು ಮೂವರಲ್ಲಿ ಒಬ್ಬರಿಗೆ. ಇನ್ನಷ್ಟು ಜನಕ್ಕೆ ಓಡಾಡೋಕಾಗುವಷ್ಟು ಕಮ್ಮಿ ಆಗುತ್ತೆ. ಬೇಕಾದ್ರೆ ಎರಡನೇದೂ ಮಾಡಬಹುದು. ತಲೆನೋವು ಶುರುವಾದ ಮೊದಲ ದಿನವೇ ಮಾಡಿದ್ರೆ ಸೋಲೋದು ಜಾಸ್ತಿ, ಅದಕ್ಕೆ ಸಾಮಾನ್ಯವಾಗಿ 24 ರಿಂದ 48 ಗಂಟೆ ನೋಡ್ತೀವಿ.

ಜ್ವರ ಇದ್ರೆ ಮಾಡಲ್ಲ. ಪ್ಲೇಟ್‌ಲೆಟ್ ತೀರಾ ಕಮ್ಮಿ ಇದ್ರೆ ಮಾಡಲ್ಲ. ಹೆರಿಗೆ ಆದ್ಮೇಲೆ ಹೊಟ್ಟೆಗೆ ರಕ್ತ ತೆಳುವಾಗೋ ಇಂಜೆಕ್ಷನ್ ಕೊಟ್ಟಿದ್ರೆ, ಎಷ್ಟು ಹೊತ್ತಿಗೆ ಕೊಟ್ಟಿದ್ದು ಅಂತ ಹೇಳಲೇಬೇಕು. ಫೈಲ್ ತಗೊಂಡು ಹೋಗಿ.

ಕರಾವಳಿ ಕುಸುಮ:

ಡಾಕ್ಟ್ರು ಹೇಳಿದ್ದು ಸರಿ ಉಂಟು, ಒಂದು ಮಾತು ಸೇರಿಸ್ತೇನೆ. ನಾವು ಮಂಗಳೂರಿನವರು, ಈಗ ಬನಶಂಕರಿಯಲ್ಲಿದ್ದೇವೆ. ನನ್ನ ನಾದಿನಿಗೆ ಸಿಜೇರಿಯನ್ ಆಗಿ ಇಂಥದ್ದೇ ತಲೆನೋವು ಬಂದಿತ್ತು. ಸುರುವಿಗೆ ಕೂತರೆ ಮಾತ್ರ. ಎಲ್ಲರೂ ‘ಸ್ಪೈನಲ್ ತಲೆನೋವು, ಹೋಗ್ತದೆ’ ಅಂತ ಬಿಟ್ಟರು. ಆಮೇಲೆ ನೋವಿನ ರೀತಿಯೇ ಬದಲಾಯ್ತು ಮಾರಾಯ್ರೆ. ಮಲಗಿದರೂ ಹೋಗುವುದಿಲ್ಲ, ವಾಂತಿ, ಒಂದು ಕೈ ಸೋತ ಹಾಗೆ. ರಾತ್ರಿ ಫಿಟ್ಸ್ ಬಂತು. ನಿಮ್ಹಾನ್ಸ್ ಎಮರ್ಜೆನ್ಸಿಗೆ ಓಡಿದೆವು. ಎಂಆರ್‌ಐ ಮಾಡಿ ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಹೇಳಿದರು. ರಕ್ತ ತೆಳುವಾಗುವ ಔಷಧಿ ತಿಂಗಳುಗಟ್ಟಲೆ ತಗೊಂಡಳು, ಈಗ ಹುಷಾರಿದ್ದಾಳೆ, ಸ್ಕೂಟರ್ ಓಡಿಸ್ತಾಳೆ. ಅವಳಿಗೂ ಬಾಣಂತನದಲ್ಲಿ ನೀರು ಅಳೆದು ಅಳೆದು ಕೊಡ್ತಿದ್ದರು.

ಮಂಡ್ಯದ ಗೌಡ್ತಿ:

ಇದು ಗೊತ್ತಿರ್ಲಿಲ್ಲ ಕಣವ್ವ. ನಮ್ಮತ್ತೆ ನಂಗೆ ಒಂದು ಚೊಂಬು ನೀರು ಕೊಡೋರು ದಿನಕ್ಕೆ. ನನ್ ಸೊಸೆಗೆ ಜೀರಿಗೆ ಹಾಕಿ ಕಾಯಿಸಿದ್ ನೀರು, ಮೆಣಸಿನ ಸಾರು, ಎಷ್ಟು ಬೇಕೋ ಅಷ್ಟು ಕುಡಿ ಅಂತೀನಿ ಇನ್ಮೇಲೆ.

ಸುಮ್ನೆ ಓದೋಳು:

ನಂದೊಂದು ಪ್ರಶ್ನೆ. ನನಗೆ ಎಂಟನೇ ತಿಂಗಳು. ಇದನ್ನೆಲ್ಲ ಓದಿ ಎಪಿಡ್ಯೂರಲ್ ಬೇಡ ಅನಿಸ್ತಿದೆ. ತಗೊಂಡು ಹೀಗಾದವರು ಮತ್ತೆ ತಗೊಂಡಿದ್ದೀರಾ?

ಎರಡು ಮಕ್ಕಳ ತಾಯಿ:

ನಾನು ತಗೊಂಡೆ, ಎರಡನೇದಕ್ಕೆ. ಹೆರಿಗೆಗೆ ಮುಂಚೆಯೇ ಅನಸ್ತೇಷಿಯಾ ಡಾಕ್ಟ್ರನ್ನ ಭೇಟಿ ಮಾಡಿ ಹಳೇ ಕಥೆ ಎಲ್ಲಾ ಹೇಳಿದ್ದೆ. ಏನೂ ಆಗಲಿಲ್ಲ. ಸೂಜಿ ಹಾಕುವಾಗ ಕಾಂಟ್ರಾಕ್ಷನ್ ಬಂದ್ರೆ ಬಾಯಿಬಿಟ್ಟು ಹೇಳಿ, ಅವರು ನಿಲ್ಲಿಸ್ತಾರೆ. ಆ ಕ್ಷಣ ಅಲುಗಾಡಬಾರದು. ನೂರರಲ್ಲಿ ಒಬ್ಬರಿಗೆ ಅಂದ್ರೆ ತೊಂಬತ್ತೊಂಬತ್ತು ಜನ ಇಲ್ಲಿ ಬಂದು ಬರೆಯಲ್ಲ ಅನ್ನೋದೂ ನೆನಪಿರಲಿ.

ಸಿಟ್ಟು ಬರೋದು ಸೂಜಿ ಮೇಲಲ್ಲ. ತೂತಾಗಿದ್ದು ಗೊತ್ತಾದ್ಮೇಲೂ ‘ಅಮ್ಮ, ಹೀಗಾಗಿದೆ, ನಾಳೆ ನಾಡಿದ್ದು ತಲೆನೋವು ಬರಬಹುದು, ಬಂದ್ರೆ ಈ ನಂಬರಿಗೆ ಫೋನ್ ಮಾಡಿ’ ಅಂತ ಒಂದು ಮಾತು ಹೇಳಲ್ವಲ್ಲ, ಅದಕ್ಕೆ.

ಮತ್ತಿನ ಡಾಕ್ಟ್ರು:

ಆ ಸಿಟ್ಟು ನ್ಯಾಯವೇ. ಕೆಲವು ಸಲ ತೂತಾಗಿದ್ದು ನಮಗೂ ಆಗ ಗೊತ್ತಾಗಲ್ಲ, ತಲೆನೋವು ಬಂದಾಗಲೇ ತಿಳಿಯೋದು. ಗೊತ್ತಾದಾಗ ಹೇಳದೇ ಇರೋದಕ್ಕೆ ಸಮರ್ಥನೆ ಇಲ್ಲ. ಎಪಿಡ್ಯೂರಲ್ ತಗೊಂಡವರೆಲ್ಲರನ್ನೂ ಮಾರನೇ ದಿನ ಹೋಗಿ ನೋಡಬೇಕು, ಡಿಸ್ಚಾರ್ಜ್ ಚೀಟೀಲಿ ಬರೀಬೇಕು.

ವಿಜಯನಗರದ ಬಾಣಂತಿ:

ಹೋಗಿ ಬಂದೆ, ಅದಕ್ಕೇ ಇಷ್ಟು ದಿನ ಬರೀಲಿಲ್ಲ.

ಫೋನ್ ಮಾಡಿದಾಗ ರಿಸೆಪ್ಷನ್ನಲ್ಲಿ ‘ಸೋಮವಾರ ಓಪಿಡಿಗೆ ಬನ್ನಿ’ ಅಂದ್ರು. ನಮ್ಮೋರು ಇಲ್ಲಿ ಓದಿದ್ದನ್ನೇ ಹೇಳಿದ್ರು: ಎಪಿಡ್ಯೂರಲ್ ಆದ ಪೇಷೆಂಟು, ಕೂತ್ರೆ ತಲೆನೋವು, ಮಲಗಿದ್ರೆ ಇಲ್ಲ, ಅನಸ್ತೇಷಿಯಾ ಡ್ಯೂಟಿ ಡಾಕ್ಟ್ರಿಗೆ ಲೈನ್ ಕೊಡಿ ಅಂತ. ಕೊಟ್ರು. ಆ ಡಾಕ್ಟ್ರು ಈಗಲೇ ಬನ್ನಿ ಅಂದ್ರು. ಹಿಂದಿನ ಸೀಟಲ್ಲಿ ಮಲಗಿಕೊಂಡು ಮಾಗಡಿ ರೋಡಲ್ಲಿ ಹೋಗಿದ್ದನ್ನ ಮಾತ್ರ ಕೇಳಬೇಡಿ. ಆ ಹಂಪುಗಳನ್ನ ಹಾಕಿದ ಪುಣ್ಯಾತ್ಮ ಯಾರೋ.

ಮೊದಲು ಬಿಪಿ, ಜ್ವರ ನೋಡಿದ್ರು. ಕೈಕಾಲು ಬಲ, ಕಣ್ಣು ನೋಡಿದ್ರು. ಇಂಜೆಕ್ಷನ್ ಏನೇನು ಆಗಿದೆ ಕೇಳಿದ್ರು. ಫೈಲಲ್ಲಿ ‘ಡ್ಯೂರಲ್ ಪಂಕ್ಚರ್’ ಅಂತ ಬರೆದೇ ಇತ್ತು! ಡ್ಯೂಟಿ ಡಾಕ್ಟ್ರು ಅದನ್ನ ನೋಡಿ ಸುಮ್ಮನಾದ್ರು, ಆಮೇಲೆ ‘ಸಾರಿ ಅಮ್ಮ, ನಿಮಗೆ ಹೇಳಬೇಕಿತ್ತು’ ಅಂದ್ರು. ಪ್ಯಾಚ್ ಮಾಡಿದ್ರೆ ಬೆನ್ನುನೋವು ಬರಬಹುದು, ವರ್ಕ್ ಆಗದೇ ಇರಬಹುದು, ಮತ್ತೆ ಡ್ಯೂರಾ ತೂತಾಗೋ ಸಣ್ಣ ಸಾಧ್ಯತೆ ಇದೆ, ಎಲ್ಲಾ ಹೇಳಿ ಸಹಿ ಹಾಕಿಸ್ಕೊಂಡ್ರು.

ಸೂಜಿಗಿಂತ ರಕ್ತ ಒಳಗೆ ಹೋಗುವಾಗ ಬೆನ್ನು, ಪೃಷ್ಠದ ಹತ್ರ ಬಿಗಿದು ಒತ್ತಿದಂಗಾಗೋದೇ ಕಷ್ಟ. ಹೇಳಿದ ತಕ್ಷಣ ನಿಲ್ಲಿಸಿದ್ರು. ಮಲಗಿಸಿದ್ರು. ಆಮೇಲೆ ನಿಧಾನಕ್ಕೆ ಕೂರಿಸಿದ್ರು. ತಲೆ ಇತ್ತು, ನೋವಿರಲಿಲ್ಲ. ನಾನು ಅತ್ತುಬಿಟ್ಟೆ, ನಮ್ಮೋರು ಗಾಬರಿಯಾಗಿ ಮತ್ತೆ ಡಾಕ್ಟ್ರನ್ನ ಕರೆದ್ರು.

ಪೂರ್ತಿ ಹೋಗಿದೆ ಅಂತ ಹೇಳಲ್ಲ. ಸಂಜೆ ಹೊತ್ತಿಗೆ ಹಿಂದಲೆ ಸ್ವಲ್ಪ ಭಾರ. ಕಿವಿ ಗುಂಯ್ ನಿಂತಿದೆ. ಬೆನ್ನು ಹಿಡ್ಕೊಂಡಿದೆ. ಆದ್ರೆ ಕೂತು ಊಟ ಮಾಡ್ತಿದೀನಿ, ಕೂತು ಹಾಲು ಕೊಡ್ತಿದೀನಿ. ಬಗ್ಗಿ ಏನೂ ಎತ್ತಬೇಡಿ ಅಂದಿದಾರೆ. ಎಣ್ಣೆ ನೀರು ಹಾಕೋಕೆ ಬರೋ ಆಯಮ್ಮನಿಗೆ ಬೆನ್ನು ತಿಕ್ಕಬೇಡಿ, ಸೊಂಟಕ್ಕೆ ಬಟ್ಟೆ ಬಿಗೀಬೇಡಿ ಅಂತ ಹೇಳಿದೀವಿ. ಅವರಿಗೆ ಬೇಜಾರಾಗಿದೆ.

ಬಿಲ್ಲಿನ ವಿಷಯ: ಡೇ ಕೇರ್ ಅಂತ ಬೆಡ್ಡಿಗೂ ಪ್ರೊಸೀಜರಿಗೂ ಬೇರೆ ಬೇರೆ ಹಾಕಿದ್ರು. ನಿಮ್ಮಲ್ಲೇ ಆದ ತೊಂದರೆಗೆ ನಾವ್ಯಾಕೆ ಕೊಡಬೇಕು ಅಂತ ನಮ್ಮೋರು ಪಟ್ಟು ಹಿಡಿದು ಕೂತ್ರು. ಪ್ರೊಸೀಜರ್ ಚಾರ್ಜ್ ತೆಗೆದ್ರು. ಕೇಳಿ, ಕೇಳಿದ್ರೆ ಕೆಲವು ಸಲ ಬಿಡ್ತಾರೆ.

ಮತ್ತಿನ ಡಾಕ್ಟ್ರು:

ಒಳ್ಳೇದಾಯ್ತು. ನೋವು ಮತ್ತೆ ಮೊದಲಿನ ಹಾಗೆ ಬಂದ್ರೆ ಎರಡನೇ ಪ್ಯಾಚ್ ಬಗ್ಗೆ ಕೇಳಿ. ಜ್ವರ, ಬೆನ್ನುನೋವು ಏರ್ತಾ ಹೋಗೋದು, ಕಾಲು ಜೋಮು ಅಥವಾ ಸೋಲು, ಮೂತ್ರ ಹಿಡಿಯೋಕಾಗದೇ ಇರೋದು ಅಥವಾ ಹೋಗದೇ ಇರೋದು, ಇದರಲ್ಲಿ ಒಂದು ಕಂಡ್ರೂ ರಾತ್ರಿಯಾದ್ರೂ ಹೋಗಿ. ಡ್ಯೂರಾ ತೂತಾದ ಕೆಲವರಿಗೆ ತಿಂಗಳುಗಳ ನಂತರವೂ ತಲೆನೋವು, ಬೆನ್ನುನೋವು ಉಳಿಯೋದುಂಟು. ಉಳಿದ್ರೆ ಬಾಣಂತನದ ಸುಸ್ತು ಅಂತ ಯಾರು ಹೇಳಿದ್ರೂ ನಂಬಿ ಕೂರಬೇಡಿ, ಮತ್ತೆ ಹೋಗಿ ತೋರಿಸಿ.

ಹುಬ್ಬಳ್ಳಿ ಹುಡುಗ:

ನಮಸ್ಕಾರ್ರಿ. ನಾವು ಯಲಹಂಕದಾಗ ಇರ್ತೀವಿ. ನನ್ನ ಹೆಂಡ್ತಿಗೆ ಸಿಜೇರಿಯನ್ ಆಗಿ ಒಂದು ವಾರದ ಮ್ಯಾಲಾತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು. ನಿನ್ನೆಯಿಂದ ತಲಿ ನೋವು ಭಾಳ ಐತಿ. ಇದನ್ನ ಓದಿ ಸ್ಪೈನಲ್ ತಲಿನೋವ ಅಂತ ಸಮಾಧಾನ ಆತು. ಕಾಫಿ ಕೊಟ್ಟೀನ್ರಿ, ಕಮ್ಮಿ ಆಗವಲ್ತು. ಮಕ್ಕೊಂಡ್ರೂ ಅಷ್ಟ, ಎದ್ದ ಕುಂತ್ರೂ ಅಷ್ಟ. ಕಣ್ಣ ಮುಂದ ಮಿಂಚ ಮಿಂಚ ಕಾಣಸ್ತದ ಅಂತಾಳ. ಎಷ್ಟು ದಿನ ನೋಡಬೇಕ್ರಿ?

ಮತ್ತಿನ ಡಾಕ್ಟ್ರು:

ಒಂದು ದಿನವೂ ನೋಡಬೇಡಿ. ಮಲಗಿದ್ರೂ ಹೋಗದ ನೋವು, ವಾರ ಕಳೆದ್ಮೇಲೆ ಶುರುವಾಗಿದ್ದು, ಕಣ್ಣಿಗೆ ಮಿಂಚು. ಇದು ಸ್ಪೈನಲ್ ತಲೆನೋವಿನ ಲಕ್ಷಣ ಅಲ್ಲ. ಹೆರಿಗೆಯಾಗಿ ಆರು ವಾರದವರೆಗೂ ಬಿಪಿ ಏರಬಹುದು, ಬಸುರಿಯಲ್ಲಿ ನಾರ್ಮಲ್ ಇದ್ದವರಿಗೂ. ಹತ್ತಿರದ ಕ್ಲಿನಿಕ್ಕಲ್ಲೋ ಮೆಡಿಕಲ್ ಶಾಪಲ್ಲೋ ಈಗಲೇ ಬಿಪಿ ನೋಡಿಸಿ. ಮಷೀನ್ ಹುಡುಕೋಕೆ ತಡ ಆಗುತ್ತೆ ಅಂದ್ರೆ ನೇರ ಆಸ್ಪತ್ರೆಗೇ ಹೋಗಿ. ಮೇಲಿನದು 160 ಅಥವಾ ಅದಕ್ಕಿಂತ ಜಾಸ್ತಿ, ಇಲ್ಲಾ ಕೆಳಗಿನದು 110 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಅದು ಎಮರ್ಜೆನ್ಸಿ. ಗಾಡಿ ಇಲ್ಲ ಅಂದ್ರೆ 108. ಅಲ್ಲಿ ಹೋದ ತಕ್ಷಣ ಮೊದಲ ಮಾತೇ ‘ಹೆರಿಗೆಯಾಗಿ ಒಂದು ವಾರ ಆಗಿದೆ’ ಅಂತ ಹೇಳಿ.

ಕರಾವಳಿ ಕುಸುಮ:

ಹೋಗಿ ಅಣ್ಣ, ಇಲ್ಲಿ ಉತ್ತರ ಕಾಯ್ತಾ ಕೂರಬೇಡಿ.

ಹುಬ್ಬಳ್ಳಿ ಹುಡುಗ:

ಬಿಪಿ 170 / 110 ಇತ್ರಿ. ಅಡ್ಮಿಟ್ ಮಾಡ್ಕೊಂಡಾರ. ಫಿಟ್ಸ್ ಬರಬಾರ್ದು ಅಂತ ಮೆಗ್ನೀಸಿಯಂ ಹಚ್ಚ್ಯಾರ, ಬಿಪಿ ಗುಳಿಗಿ ಶುರು ಮಾಡ್ಯಾರ. ತಲಿ ನೋವು ಸ್ವಲ್ಪ ಇಳದೈತಿ. ಕೂಸು ನನ್ನ ಅವ್ವನ ಕಡೆ ಐತಿ, ಹಾಲು ಹಿಂಡಿ ಕೊಟ್ಟು ಕಳಸಾಕತ್ತೀವಿ. ನಾಳೆ ಎಂಆರ್‌ಐ ಮಾಡೋದು ಬ್ಯಾಡ ಬೇಕ ಅಂತ ಡಾಕ್ಟ್ರು ಮುಂಜಾನೆ ಹೇಳ್ತಾರಂತ.